ಸಹಾಯ ಬೇಕು: ಜಮಾಬಂದಿಯಲ್ಲಿ ಅಳತೆ ಪುಸ್ತಕ ತೆರೆಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಈ ವರ್ಷದ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ವಾರ್ಷಿಕ ಸಭೆ, ಹತ್ತಿರ ಬಂದಿದೆ. ಕಳೆದ ಬಾರಿ ಜಮಾ-ಖರ್ಚಿನ ಒಟ್ಟು ಮೊತ್ತಗಳನ್ನು ಗಡಿಬಿಡಿಯಲ್ಲಿ ಓದಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ಉಪ್ಪಿಟ್ಟು ಹಂಚಿ ಮುಗಿಸಿದರು. ಉಪ್ಪಿಟ್ಟು ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಚರಂಡಿಯ ಬಗ್ಗೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕಟ್ಟಿದ ನಮ್ಮ ಬೀದಿಯ ಚರಂಡಿ ಅರ್ಧಕ್ಕೇ ನಿಂತಿದೆ. ಕಾಮಗಾರಿ ಪೂರ್ಣಗೊಂಡಿರುವುದು ಫಲಕದಲ್ಲಿ ಮಾತ್ರ. ಅಂದಾಜು ಪಟ್ಟಿ, ಅಳತೆ ಪುಸ್ತಕ (ಆದ ಕೆಲಸದ ಅಳತೆಗಳನ್ನು ಎಂಜಿನಿಯರ್ ಬರೆದಿಡುವ ಪುಸ್ತಕ), ಬಿಲ್ಲುಗಳ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಕಾಯ್ದೆ ಹೇಳುವ 30 ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಸಿದ್ಧಪಡಿಸುತ್ತಿದ್ದೇನೆ, ಆದರೆ ಅದು ಇತ್ಯರ್ಥವಾಗುವಷ್ಟರಲ್ಲಿ ಜಮಾಬಂದಿ ಮುಗಿದಿರುತ್ತದೆ.

ಜಮಾಬಂದಿಯ ದಿನ ಅಳತೆ ಪುಸ್ತಕವನ್ನು ಜನರ ಮುಂದೆ ತೆರೆಯಿಸಿ, ಸ್ಥಳಕ್ಕೇ ಹೋಗಿ ಟೇಪು ಹಿಡಿದು ಅಳೆಯಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಮುಂಚಿತವಾಗಿ ಯಾರಿಗೆ ಲಿಖಿತ ಮನವಿ ಕೊಟ್ಟಿರಿ? ಆಕ್ಷೇಪಣೆ ವರದಿಯಲ್ಲಿ ದಾಖಲಾಗುವಂತೆ ಹೇಗೆ ನೋಡಿಕೊಂಡಿರಿ? ನನಗೆ ಮುಖ್ಯವಾಗಿ ಬೇಕಿರುವುದು ಇದೇ. ಬಾಯಿಮಾತಿನ ಆಕ್ಷೇಪಣೆಗಳು ನಮ್ಮಲ್ಲಿ ಪುಸ್ತಕಕ್ಕೆ ಏರುವುದೇ ಇಲ್ಲ.

ಇನ್ನೊಂದು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸಬಹುದು, ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ಪಂಚಾಯಿತಿ ಮಟ್ಟದಲ್ಲಿ ಇದನ್ನು ಬಳಸಿದವರಿದ್ದರೆ ಅರ್ಜಿಯ ನಮೂನೆ ಹಂಚಿಕೊಳ್ಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇರುವುದರಿಂದ ಚುಟುಕಾಗಿದ್ದಷ್ಟೂ ಒಳ್ಳೆಯದು. ಹೆಸರು, ಫೋನ್ ಸಂಖ್ಯೆ ಅಳಿಸಿ ಹಾಕಿದರೆ ಸಾಕು.

‘ಸದಸ್ಯರನ್ನು ಕಂಡು ಮಾತನಾಡಿ’ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ.