ಮಾರಿಸ್ ಮೈನರ್ ಪಾರ್ಟ್ಸ್: 64 ಕೆಜಿ ಮಾಲಿಗೆ 110 ಕೆಜಿ ಬಾಡಿಗೆ ಯಾಕೆ?

ಮೈಸೂರು ಮೈನರ್:
ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಮಾರಿಸ್ ಮೈನರ್ 1000 ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತ ಹೊರಟಿದ್ದೇನೆ. ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆ. ಬ್ರೇಕ್ ಡ್ರಮ್‌ಗಳನ್ನು ಎಷ್ಟು ಸಲ ಲೇತ್‌ಗೆ ಕೊಟ್ಟಿದ್ದೇವೆ ಅಂದರೆ, ಇನ್ನು ತಿರುಗಿಸಲು ದಪ್ಪವೇ ಉಳಿದಿಲ್ಲ. ಬಾನೆಟ್, ಮುಂದಿನ ಎರಡು ಮಡ್‌ಗಾರ್ಡ್ ನೋಡಿ ಟಿಂಕರಿಂಗ್‌ನವರೇ ಕೈ ಚೆಲ್ಲಿದರು.

ಇಂಗ್ಲೆಂಡಿನಲ್ಲಿ ಎಲ್ಲವೂ ಸಿಗುತ್ತದೆ. ಹೆಡ್ ಮಾತ್ರ ರೀಕಂಡೀಶನ್ ಮಾಡಿದ್ದು. ಒಂದೇ ಮರದ ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತಾರಂತೆ: 150 × 110 × 40 ಸೆಂ.ಮೀ., ತೂಕ 64 ಕೆಜಿ. ಆದರೆ ಏರ್ ಕಾರ್ಗೋದವರು 110 ಕೆಜಿಗೆ ಬಾಡಿಗೆ ಹೇಳುತ್ತಿದ್ದಾರೆ. ಮೋಸವಾ? ಹಡಗಿನಲ್ಲಿ ತರಿಸಿದರೆ ಉಳಿಯುತ್ತದಾ?

ಕಾರ್ಗೋ ಬೆಂಗಳೂರು:
ಮೋಸ ಅಲ್ಲ ಸರ್. ವಿಮಾನದಲ್ಲಿ ತೂಕದ ಜೊತೆ ಜಾಗಕ್ಕೂ ಲೆಕ್ಕ ಇದೆ. ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿ. ನಿಮ್ಮದು 6,60,000 ಭಾಗ 6000, ಅಂದರೆ 110 ಕೆಜಿ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅಲ್ಲಿ ಇದೇ ಪೆಟ್ಟಿಗೆ 132 ಕೆಜಿ ಆಗುತ್ತದೆ.

ತಪ್ಪಾಗಿರುವುದು ಪ್ಯಾಕಿಂಗ್‌ನಲ್ಲಿ. ಚಿಕ್ಕದಾಗಿ ಭಾರ ಇರುವ ಸಾಮಾನು, ದೊಡ್ಡದಾಗಿ ಹಗುರ ಇರುವ ಸಾಮಾನು ಒಂದೇ ಪೆಟ್ಟಿಗೆಗೆ ಹೋಗಬಾರದು. ಬಾಡಿಗೆಯೂ ಜಾಸ್ತಿ, ಮಾಲಿಗೂ ಅಪಾಯ. ದಾರಿಯಲ್ಲಿ ಒಂದು ಡ್ರಮ್ ಸಡಿಲವಾದರೆ ಸಾಕು, ಹೊಸ ಬಾನೆಟ್ ಗುಂಡಿ ಬೀಳುತ್ತದೆ. ಡ್ರಮ್ ಮತ್ತು ಇತರ ಭಾರದ ಸಾಮಾನಿನ ತೂಕ ಬೇರೆಯಾಗಿ ಎಷ್ಟು ಅಂತ ಕೇಳಿ.

ಇನ್ನು ಆ ಹೆಡ್. ದಯವಿಟ್ಟು ತರಿಸಬೇಡಿ. ರೀಕಂಡೀಶನ್ ಅಂದರೂ ಕಸ್ಟಮ್ಸ್ ಲೆಕ್ಕದಲ್ಲಿ ಅದು ಬಳಸಿದ ಮಾಲು. ಬಳಸಿದ ಬಿಡಿಭಾಗ ತರಿಸಲು ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯ ಅನುಮತಿ ಬೇಕು. ಅದೊಂದರಿಂದ ಇಡೀ ಪೆಟ್ಟಿಗೆ ನಿಂತುಹೋಗುತ್ತದೆ. ಎರಕದ ಕಬ್ಬಿಣದ ಬಿರುಕನ್ನು ಇಲ್ಲೇ ಸ್ಟಿಚಿಂಗ್ (ಲೋಹದ ಪಿನ್ ಹಾಕಿ ಬಿರುಕು ಮುಚ್ಚುವುದು) ಮಾಡಿಸಬಹುದು, ಮೊದಲು ಅದನ್ನು ನೋಡಿ.

ಮೈಸೂರು ಮೈನರ್:
ತುಂಬಾ ಉಪಕಾರ ಆಯ್ತು ಸರ್. ಹೆಡ್ ಬಿಟ್ಟೆ. ನಾಲ್ಕು ಡ್ರಮ್, ಕ್ರೌನ್-ಪಿನಿಯನ್, ಟ್ರನಿಯನ್ ಸೆಟ್ ಸೇರಿ ಪ್ಯಾಕಿಂಗ್ ಸಮೇತ 24 ಕೆಜಿ. ಪೆಟ್ಟಿಗೆ 45 × 40 × 25.

ಕಾರ್ಗೋ ಬೆಂಗಳೂರು:
ನೋಡಿ, ಇದರ ಜಾಗದ ತೂಕ ಬರೀ ಏಳೂವರೆ ಕೆಜಿ. 24 ಕೆಜಿಗೆ ಮಾತ್ರ ಬಾಡಿಗೆ. ಇದನ್ನು ವಿಮಾನದಲ್ಲಿ ತರಿಸಿ. ಇನ್ನೊಂದು ಅನುಕೂಲ ಇದೆ. ಕಸ್ಟಮ್ಸ್ ಸುಂಕ ಬಾಡಿಗೆಯನ್ನೂ ಸೇರಿಸಿ ಹಾಕುತ್ತಾರೆ. ಆದರೆ ವಿಮಾನದ ಬಾಡಿಗೆ ಎಷ್ಟೇ ಇರಲಿ, ಮಾಲಿನ ಎಫ್‌ಒಬಿ ಬೆಲೆಯ (ಅಂದರೆ ಬಾಡಿಗೆ, ಇನ್ಶೂರೆನ್ಸ್ ಸೇರದ ಬೆಲೆಯ) 20%ಗಿಂತ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. 60,000 ರೂಪಾಯಿ ಮಾಲಿಗೆ 30,000 ಬಾಡಿಗೆ ಆದರೂ 12,000 ಮಾತ್ರ ಸೇರುತ್ತದೆ. ಬಿಲ್ಲಿನಲ್ಲಿ ಬಾಡಿಗೆ ಬೇರೆ ಸಾಲಿನಲ್ಲಿ ಬರೆಸಿ. ಸ್ವಂತ ಬಳಕೆಗೆ ಆದ್ದರಿಂದ ಐಇಸಿ (ಆಮದು-ರಫ್ತುದಾರರ ನೋಂದಣಿ ಸಂಖ್ಯೆ) ಬೇಡ, ಕೆವೈಸಿ ಸಾಕು.

ಹಳೇ ಬೀಟಲ್:
ಬಾನೆಟ್ ಹಡಗಿನಲ್ಲಿ ತರಿಸುವುದಾದರೆ ನನ್ನ ಅನುಭವ ಕೇಳಿ. ನನ್ನ ಬೀಟಲ್ ಕಾರಿಗೆ ಜರ್ಮನಿಯಿಂದ ಮಡ್‌ಗಾರ್ಡ್ ತರಿಸಿದ್ದೆ. ಎಲ್‌ಸಿಎಲ್, ಅಂದರೆ ಬೇರೆಯವರ ಮಾಲಿನ ಜೊತೆ ಕಂಟೇನರ್‌ನಲ್ಲಿ. ಮಾರಾಟಗಾರರು ಸಿಐಎಫ್ (ಮಾಲು, ಇನ್ಶೂರೆನ್ಸ್, ಹಡಗಿನ ಬಾಡಿಗೆ ಸೇರಿದ) ರೇಟ್ ಕೊಟ್ಟರು, ತುಂಬಾ ಕಡಿಮೆ ಇತ್ತು, ಖುಷಿಯಾಗಿ ಒಪ್ಪಿಕೊಂಡೆ. ಮಾಲು ವೈಟ್‌ಫೀಲ್ಡ್ ಐಸಿಡಿಗೆ (ಒಳನಾಡಿನ ಕಂಟೇನರ್ ಡಿಪೋಗೆ) ಬಂದ ಮೇಲೆ ಡಿಓ (ಮಾಲು ಬಿಡಿಸಿಕೊಳ್ಳುವ ಆದೇಶದ) ಚಾರ್ಜ್, ಟರ್ಮಿನಲ್ ಚಾರ್ಜ್, ಗೋದಾಮಿನ ಚಾರ್ಜ್ ಅಂತ ಒಂದೊಂದೇ ಬಿಲ್ಲು ಬಂತು. ಒಟ್ಟು ಹಡಗಿನ ಬಾಡಿಗೆಗಿಂತ ಜಾಸ್ತಿ. ಅಷ್ಟು ಸಾಲದು ಅಂತ ಕಾಗದ ಹೊಂದಿಸುವಷ್ಟರಲ್ಲಿ ಫ್ರೀ ದಿನಗಳು ಮುಗಿದು ಡೆಮರೇಜ್ (ತಡವಾದದ್ದಕ್ಕೆ ದಂಡ) ಬೇರೆ. ಬುಕ್ ಮಾಡುವ ಮೊದಲೇ ಇಲ್ಲಿನ ಖರ್ಚೆಲ್ಲ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಪೆಟ್ಟಿಗೆ ಬಿಚ್ಚಿದಾಗ ಒಳಗಿನ ರಟ್ಟು ಒದ್ದೆ ಚಪಾತಿ ಹಾಗೆ ಮೆತ್ತಗಾಗಿತ್ತು. ಮಡ್‌ಗಾರ್ಡಿನ ಮಡಿಕೆಯಲ್ಲಿ ಬೆರಳು ಆಡಿಸಿದರೆ ತುದಿ ಕಂದು ಬಣ್ಣ. ಹಗಲು ಬಿಸಿ, ರಾತ್ರಿ ತಂಪು, ಕಂಟೇನರ್ ಒಳಗೇ ನೀರು ಇಳಿಯುತ್ತದೆ. ಬಣ್ಣ ಬಳಿಯದ ತಗಡಿಗೆ ರಟ್ಟು ತಾಗಲೇಬಾರದು. ವಿಸಿಐ ಕಾಗದ (ತುಕ್ಕು ತಡೆಯುವ ಕಾಗದ) ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ಸಿಲಿಕಾ ಜೆಲ್ ಹಾಕಿಸಿ.

ಕಾರ್ಗೋ ಬೆಂಗಳೂರು:
ಇವರು ಹೇಳಿದ್ದು ಅಕ್ಷರಶಃ ನಿಜ. ಎರಡು ಮಾತು ಸೇರಿಸುತ್ತೇನೆ. ಪೆಟ್ಟಿಗೆಯ ಮರದ ಮೇಲೆ ಎಚ್‌ಟಿ ಮುದ್ರೆ ಇರಬೇಕು. 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮರ ಅಂತ ಅದರ ಅರ್ಥ. ಮುದ್ರೆ ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ. ಇನ್ನೊಂದು, ಎಲ್‌ಸಿಎಲ್‌ನಲ್ಲಿ ಸಾಮಾನ್ಯವಾಗಿ ಒಂದು ಘನ ಮೀಟರ್‌ಗೆ ಕನಿಷ್ಠ ಬಾಡಿಗೆ. ನಿಮ್ಮ ಬಾನೆಟ್ ಪೆಟ್ಟಿಗೆ ಅದರ ಮುಕ್ಕಾಲೂ ಬರುವುದಿಲ್ಲ. ಬಾಗಿಲ ರಬ್ಬರ್, ಗ್ರಿಲ್, ಸೀಟ್ ಫೋಮ್ ಬೇಕಿದ್ದರೆ ಇದರಲ್ಲೇ ತರಿಸಿ. ಹಾಗೆಯೇ, 2023ರ ಕೊನೆಯಿಂದ ಕೆಂಪು ಸಮುದ್ರದ ಗಲಾಟೆಗೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಬರಲು ಶುರು ಮಾಡಿದವು. ಯಾವ ದಾರಿ, ಎಷ್ಟು ದಿನ ಅಂತ ಬುಕ್ ಮಾಡುವಾಗಲೇ ಕೇಳಿ.

ಮೈಸೂರು ಮೈನರ್:
ಡ್ರಮ್ ಪೆಟ್ಟಿಗೆ ನಿನ್ನೆ ಮನೆಗೆ ಬಂತು! ಒಂದು ಗೀರೂ ಇಲ್ಲ. ಬಾನೆಟ್ ಪೆಟ್ಟಿಗೆಗೆ ಗ್ರಿಲ್, ರಬ್ಬರ್ ಸೇರಿಸಿದ್ದೇನೆ. ಎಚ್‌ಟಿ ಮುದ್ರೆಯ ಫೋಟೋ ತರಿಸಿಕೊಂಡು ಆಮೇಲೆ ದುಡ್ಡು ಕಳಿಸಿದೆ. ಅದು ಬಂದಾಗ ಏನು ನೋಡಬೇಕು?

ಕಾರ್ಗೋ ಬೆಂಗಳೂರು:
ಬಿಚ್ಚುವ ಮೊದಲು ನಾಲ್ಕೂ ಕಡೆ ಫೋಟೋ ತೆಗೆಯಿರಿ. ಪೆಟ್ಟಿಗೆ ಒಡೆದಿದ್ದರೆ ಡೆಲಿವರಿ ಚೀಟಿಯ ಮೇಲೆ ಹಾಗಂತ ಬರೆದೇ ಸಹಿ ಹಾಕಿ. ಸುಮ್ನೆ ಸಹಿ ಹಾಕಿದರೆ ಇನ್ಶೂರೆನ್ಸ್ ಕೇಳುವುದು ಕಷ್ಟ.