ಸೀಲೆಂಟ್ ‘ಒಣಗುವುದು’, ಸೀಲೆಂಟ್ ‘ಬಲಿಯುವುದು’: ಯಾವುದು ಸರಿ?

ಕಾರಿನ ಬಣ್ಣಕ್ಕೆ ವ್ಯಾಕ್ಸ್ ಮತ್ತು ಸೀಲೆಂಟ್ (ಬಣ್ಣವನ್ನು ಕಾಪಾಡುವ ಕೃತಕ ಲೇಪ) ಹಚ್ಚುವ ಕ್ರಮವನ್ನು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಮಪದಗಳಿಗಿಂತ ಕ್ರಿಯಾಪದಗಳೇ ನನ್ನನ್ನು ಹೆಚ್ಚು ಕಾಡುತ್ತಿವೆ.

ಸೀಲೆಂಟನ್ನು ತೆಳುವಾಗಿ ಹಚ್ಚಿದ ಕೆಲವು ನಿಮಿಷಗಳಲ್ಲಿ ಅದರೊಳಗಿನ ದ್ರಾವಕ ಆರಿ, ಬಣ್ಣದ ಮೇಲೆ ಮಬ್ಬು ಬಿಳುಪು ಮೂಡುತ್ತದೆ. ಬೆರಳಿನಿಂದ ಒಮ್ಮೆ ಎಳೆದು ನೋಡಿದಾಗ ಜಿಡ್ಡು ಹರಡದೆ ಶುಭ್ರವಾದ ಗೆರೆ ಬಿದ್ದರೆ, ಅದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆದರೆ ಒರೆಸಿದ ಮೇಲೂ ಉಳಿಯುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಪೂರ್ತಿ ಗಟ್ಟಿಯಾಗಿ ಬಣ್ಣವನ್ನು ಬಿಗಿಯಾಗಿ ಹಿಡಿಯಲು ಹಲವು ಸೀಲೆಂಟ್‌ಗಳಿಗೆ 12ರಿಂದ 24 ಗಂಟೆ ಬೇಕು. ಅಷ್ಟು ಹೊತ್ತು ಅದಕ್ಕೆ ನೀರು ಸೋಕಬಾರದು, ಅದರ ಮೇಲೆ ಎರಡನೆಯ ಪದರವನ್ನೂ ಹಾಕಬಾರದು. ಎಳೆಯ ಪದರದ ಮೇಲೆ ಮತ್ತೆ ಹಚ್ಚಿದರೆ ಹೊಸದರಲ್ಲಿರುವ ದ್ರಾವಕ ಹಳೆಯದನ್ನೇ ಕರಗಿಸಿಬಿಡಬಹುದು.

ಮೊದಲ ಕರಡಿನಲ್ಲಿ ನಾನು ಈ ಎರಡು ಕ್ರಿಯೆಗಳಿಗೂ ‘ಒಣಗು’ ಎಂದೇ ಬರೆದಿದ್ದೆ. ಅದನ್ನು ಓದಿದ ನನ್ನ ತಮ್ಮ, ‘ಒಂದು ದಿನ ಒಣಗಲು ಬಿಡಿ’ ಎಂಬ ಮಾತನ್ನು ನಂಬಿ, ಒರೆಸದೆಯೇ ರಾತ್ರಿಯಿಡೀ ಬಿಟ್ಟ. ಬೆಳಗ್ಗೆ ಕಪ್ಪು ಬಾನೆಟ್ಟಿನ ತುಂಬ ಬಿಳಿಯ ಪಟ್ಟೆಗಳು ಕಚ್ಚಿಕೊಂಡಿದ್ದವು. ತಪ್ಪು ಅವನದಲ್ಲ, ನನ್ನ ಪದದ್ದು.

ಆದ್ದರಿಂದ ಮೊದಲನೆಯದಕ್ಕೆ ‘ಒಣಗು’, ಎರಡನೆಯದಕ್ಕೆ ‘ಬಲಿ’ ಎಂದು ಬಳಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕಾಯಿ ಬಲಿಯುತ್ತದೆ, ಬಿದಿರು ಬಲಿಯುತ್ತದೆ ಎನ್ನುವಾಗ ಹೊರಗಿನಿಂದ ಹೆಚ್ಚೇನೂ ಕಾಣಿಸದೆ ಒಳಗೊಳಗೇ ಗಟ್ಟಿಯಾಗುವ ಅರ್ಥ ಅದರಲ್ಲಿದೆ. ಇಲ್ಲಿ ಬೇಕಾದದ್ದೂ ಅದೇ. ‘ಹದಗೊಳ್ಳು’ ಎಂಬುದೂ ಹೊಳೆಯಿತು, ಆದರೆ ಮಣ್ಣು ಹದವಾಯಿತು ಎಂದಾಗ ಮೆತ್ತಗಾದ ಭಾವವೇ ಮುಂದೆ ಬರುವುದರಿಂದ ಅದನ್ನು ಬಿಟ್ಟೆ. ‘ಕೂರು’ ಸಹ ಒಳ್ಳೆಯ ಮಾತೇ, ಬಣ್ಣ ಚೆನ್ನಾಗಿ ಕೂತಿದೆ ಎನ್ನುತ್ತೇವಲ್ಲ. ಆದರೆ ಅದು ಆಗಿಹೋದ ಕೆಲಸವನ್ನು ಹೇಳುತ್ತದೆಯೇ ಹೊರತು ಅದಕ್ಕೆ ಹಿಡಿಯುವ ಹೊತ್ತನ್ನು ಹೇಳುವುದಿಲ್ಲ.

ಹಚ್ಚುವ ಕ್ರಿಯೆಗೆ ‘ಸವರು’ ಎಂದೇ ಇಟ್ಟಿದ್ದೇನೆ. ಸುಣ್ಣ, ಸಗಣಿಗಳನ್ನು ಬಳಿಯುತ್ತೇವೆ, ಮಣ್ಣನ್ನು ಮೆತ್ತುತ್ತೇವೆ. ಅವುಗಳಲ್ಲಿರುವ ದಪ್ಪ ಇಲ್ಲಿ ಸಲ್ಲದು. ‘ತಿಕ್ಕು’ ಎಂಬುದನ್ನು ಪೂರ್ತಿಯಾಗಿ ಕೈಬಿಟ್ಟೆ, ಪಾತ್ರೆ ತಿಕ್ಕಿದಂತೆ ತಿಕ್ಕಿದರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ ಗೀರು ಬೀಳುವುದು ಖಂಡಿತ.

ಇನ್ನು ವ್ಯಾಕ್ಸ್‌ಗೆ ‘ಮೇಣ’ ಎನ್ನಲು ಸ್ವಲ್ಪ ಅಳುಕಿದೆ. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಗಳಿಂದ ಬರುವ, ಕಾರಿನ ವ್ಯಾಕ್ಸ್‌ಗಳಲ್ಲಿ ಬಳಸುವ ಕಾರ್ನೌಬಾ ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಷ್ಟು ಗಡಸು. ನಮ್ಮ ಕಿವಿಗೆ ‘ಮೇಣ’ ಎಂದೊಡನೆ ಹಲಸಿನ ಅಂಟೂ ನೆನಪಾಗುತ್ತದೆ. ಆದರೂ ‘ಜೇನುಮೇಣ’ದ ಜೊತೆಗೆ ‘ಕಾರ್ನೌಬಾ ಮೇಣ’ ಸಹಜವಾಗಿಯೇ ನಿಲ್ಲುತ್ತದೆ ಎಂದು ನನ್ನ ಎಣಿಕೆ. ಸೀಲೆಂಟ್‌ಗೆ ‘ಮುದ್ರಕ’ ಎಂಬುದನ್ನಂತೂ ಒಪ್ಪಲಾರೆ. ಅದನ್ನು ಹಾಗೆಯೇ ಉಳಿಸಿ, ‘ಮೊದಲು ಸೀಲೆಂಟ್ ಸವರಿ, ಒಣಗಿದ ಮೇಲೆ ಒರೆಸಿ, ಬಲಿಯಲು ಒಂದು ದಿನ ಬಿಟ್ಟು, ಆಮೇಲೆ ಮೇಣ ಸವರಿ’ ಎಂದು ಬರೆದಿದ್ದೇನೆ. ಮೇಣವನ್ನೇ ಮೊದಲು ಹಚ್ಚಿದರೆ ಅದರ ಜಿಡ್ಡು ಅಡ್ಡ ಬಂದು ಸೀಲೆಂಟ್ ಬಣ್ಣಕ್ಕೆ ಹಿಡಿಯುವುದಿಲ್ಲವಾದ್ದರಿಂದ ಈ ಕ್ರಮ ಓದುಗರಿಗೆ ತಪ್ಪದೆ ತಲುಪಬೇಕು.

ಮರಕ್ಕೆ ವಾರ್ನಿಷ್ ಹೊಡೆಯುವವರು ಅಥವಾ ಗ್ಯಾರೇಜುಗಳಲ್ಲಿ ಬಣ್ಣದ ಕೆಲಸ ಮಾಡುವವರು ನಿಮ್ಮ ಕಡೆ ಈ ‘ಬಲಿಯುವ’ ಹಂತಕ್ಕೆ ಬೇರೆ ಮಾತನ್ನು ಬಳಸುತ್ತಾರೆಯೇ? ಬಳಸುವುದಾದರೆ, ಅವರು ಆಡುವ ವಾಕ್ಯವನ್ನೇ ದಯವಿಟ್ಟು ಬರೆದು ತಿಳಿಸಿ.