ಅಪ್‌ಡೇಟ್: ರಾತ್ರಿ ಬೆವರು, ನಿದ್ರೆ ಇಲ್ಲ ಅಂತ ಕೇಳಿದ್ದೆನಲ್ಲ

ಐವತ್ತು ದಿನದ ಹಿಂದೆ ಕೇಳಿದ್ದೆ: ವಯಸ್ಸು 46, ಮುಟ್ಟು ಒಮ್ಮೆ 22 ದಿನಕ್ಕೆ, ಒಮ್ಮೆ 50ಕ್ಕೆ, ರಾತ್ರಿ ಮೂರಕ್ಕೆ ನೈಟಿ ಒದ್ದೆ, ಎಂತ ಮಾಡುವುದು? ಮಂಗಳೂರಿನ ಸೆಖೆ ಅಂತ ಸುಮ್ಮನಿದ್ದೆ ಮಾರಾಯ್ರೆ. ಜುಲೈ ಮಳೆಯಲ್ಲೂ ಬೆವರಿದಾಗ, ಇದು ಮುಟ್ಟು ನಿಲ್ಲುವುದಕ್ಕೆ ಮುಂಚಿನ ಹಂತವಾ ಅಂತ ಅನುಮಾನ ಬಂತು.

ನೀವೆಲ್ಲ ಹೇಳಿದ್ದರಲ್ಲಿ ಪುನರ್ಪುಳಿ ಶರಬತ್ತು ರುಚಿಯಾಗಿತ್ತು, ಅಷ್ಟೆ. ಅಗಸೆ ಬೀಜ ಎರಡು ವಾರ ತಿಂದೆ. ಹೊಟ್ಟೆ ಸಾಫ್, ಬೆವರು ಹಾಗೇ. ಕೆಲಸಕ್ಕೆ ಬಂದದ್ದು "ಮುಟ್ಟು ಪೂರ್ತಿ ನಿಲ್ಲುವವರೆಗೆ ಕಾಯಬೇಡಿ, ಹಾರ್ಮೋನ್ ಚಿಕಿತ್ಸೆ ಬಗ್ಗೆ ಡಾಕ್ಟರನ್ನು ಕೇಳಿ" ಎಂದು ಇಲ್ಲಿ ಉತ್ತರಿಸಿದ ಅಕ್ಕನ ಮಾತು.

ಮೊದಲು ಹೋದ ಕಡೆ "ಇದೆಲ್ಲ ಸಹಜ, ಸಹಿಸಿಕೊಳ್ಳಿ" ಅಂದರು. ಎರಡನೆಯವರು ಬಿಪಿ, ಥೈರಾಯ್ಡ್, ಮ್ಯಾಮೊಗ್ರಾಮ್ ನೋಡಿ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು ಇತ್ತಾ ಅಂತ ಕೇಳಿ ಶುರು ಮಾಡಿದರು. ಬೆಳಿಗ್ಗೆ ತೋಳಿಗೆ ಈಸ್ಟ್ರೊಜನ್ ಜೆಲ್, ತಿಂಗಳಲ್ಲಿ 12 ದಿನ ಮಲಗುವಾಗ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಗರ್ಭಕೋಶ ಇರುವವರಿಗೆ ಈಸ್ಟ್ರೊಜನ್ ಒಂದನ್ನೇ ಕೊಟ್ಟರೆ ಒಳಪದರ ದಪ್ಪವಾಗುತ್ತದೆ, ಕ್ಯಾನ್ಸರ್ ಭಯ, ಅದಕ್ಕೇ ಎರಡೂ. ಜೆಲ್ ಒಣಗುವವರೆಗೆ ಕೈ ಚಾಚಿ ನಿಂತರೆ ಮಗಳು "ಅಮ್ಮನ ಯಕ್ಷಗಾನ ಶುರು" ಅನ್ನುತ್ತಾಳೆ.

ಮೊದಲು ಗೊತ್ತಿಲ್ಲದಿದ್ದದ್ದು ಎರಡು. ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನ್) ಟೆಸ್ಟ್‌ಗೆ ಸುಮ್ಮನೆ ದುಡ್ಡು ಕೊಟ್ಟಿದ್ದೆ. ಈ ಹಂತದಲ್ಲಿ ಅದು ಏರಿಳಿಯುತ್ತಲೇ ಇರುತ್ತದೆ, 45 ದಾಟಿದವರಿಗೆ ಸಾಮಾನ್ಯವಾಗಿ ಲಕ್ಷಣವೇ ಸಾಕು. ಇನ್ನೊಂದು, ಈ ಚಿಕಿತ್ಸೆ ಗರ್ಭನಿರೋಧಕ ಅಲ್ಲ! ಕೇಳಿ ಗಂಡನಿಗೂ ಬೆವರಿತು.

ಮೊದಲ ಹತ್ತು ದಿನ ಸ್ತನ ಬಿಗಿದು ನೋವಿತ್ತು. ಮೂರನೇ ವಾರ ಬೆವರು ಕಡಿಮೆ. ಈಗ ಐದರವರೆಗೆ ನಿದ್ರೆ. ಮುಟ್ಟು ಮಾತ್ರ ಇನ್ನೂ ತನಗೆ ಬೇಕಾದಾಗಲೇ ಬರುತ್ತಿದೆ. ಮೂರು ತಿಂಗಳಾದ ಮೇಲೆ ಮತ್ತೆ ತೋರಿಸಬೇಕು.